ಬಿಸಿ ಇರುವಾಗಲೇ ಹಿಂಡಬೇಕು

“ಐದು, ಆರು, ಏಳು, ಎಂಟು. ಈಗ ತಿರುಗ್ರಿ.”

ಮಹೇಶ್ವರಿ ಟೀಚರ್ ಚಪ್ಪಾಳೆ ತಟ್ಟಿದರು. ಎಂಟು ಹುಡುಗಿಯರು ಒಟ್ಟಿಗೆ ತಿರುಗಿದರು. ಹದಿನಾರು ಕೋಲುಗಳು ಒಂದೇ ಸಲ ಟಕ್ ಎನ್ನಬೇಕಿತ್ತು. ಹದಿನೈದು ಮಾತ್ರ ಎಂದವು. ಅಂಜುಮ್‌ಳ ಗುಂಗುರು ಕೂದಲು ರಿಬ್ಬನ್ನಿನಿಂದ ಬಿಡಿಸಿಕೊಂಡು ಕಣ್ಣ ಮೇಲೆ ಬಿದ್ದಿತ್ತು. ಅವಳ ಕೋಲು ಶೈಲಜಾಳ ಮೊಣಕೈಗೆ ಬಡಿಯಿತು.

“ಬಡಿಯೂದು ಕೋಲಿಗೆ, ನನ್ನ ಕೈಗಲ್ಲ,” ಎಂದಳು ಶೈಲಜಾ, ಮೊಣಕೈ ಉಜ್ಜಿಕೊಳ್ಳುತ್ತಾ.

“ನನಗೇನ್ ಕಾಣ್ತದಲೇ. ನಿಮ್ಮಜ್ಜಿ ಇವತ್ತು ಬರ್ತಾಳಲ್ಲ? ಬಂದ ಮ್ಯಾಲೆ ಜೆಲ್ ಹಚ್ಚಿಸ್ಕೊಂತೀನಿ. ಆಮ್ಯಾಲೆ ನೋಡು.”

ಶೈಲಜಾ ನಗುತ್ತಿರುವಾಗಲೇ ಶಾಲೆಯ ಗೇಟಿನ ಹತ್ತಿರ ಒಂದು ಬೈಕ್ ಬಂದು ನಿಂತಿತು. ಚನ್ನು ಕಾಕಾ. ಅವನು ಬೈಕ್ ಆಫ್ ಮಾಡಲಿಲ್ಲ. ಟೀಚರ್ ಅವನ ಬಳಿ ಹೋಗಿ ಎರಡು ಮಾತು ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ನಡೆದು ಬಂದು ಶೈಲಜಾಳ ಕೈಯಿಂದ ಎರಡೂ ಕೋಲುಗಳನ್ನು ತೆಗೆದುಕೊಂಡರು.

“ಚೀಲ ತಗೊ, ಪುಟ್ಟಿ. ನಿಮ್ಮ ಕಾಕಾ ಕರಿಯಾಕ ಬಂದಾರ.”

ಟೀಚರ್ ಯಾವತ್ತೂ ಯಾರನ್ನೂ ಪುಟ್ಟಿ ಎಂದವರಲ್ಲ.

ಶೈಲಜಾಳ ಅಜ್ಜಿ ಬಸವಣ್ಣೆಮ್ಮ ಎದೆ ನೋವೆಂದು ಮೂರು ದಿನದಿಂದ ಲಿಂಗಸುಗೂರಿನ ಆಸ್ಪತ್ರೆಯಲ್ಲಿದ್ದಳು. ಬುಧವಾರ ಮಸ್ಕಿಗೆ ಕರೆದುಕೊಂಡು ಬರುತ್ತೇವೆ ಎಂದು ಅಪ್ಪ ಫೋನಿನಲ್ಲಿ ಹೇಳಿದ್ದ. ಇವತ್ತು ಬುಧವಾರ.

“ಕಾಕಾ, ಅಜ್ಜಿ ಬಂದಳೇನು?” ಎಂದು ಶೈಲಜಾ ಬೈಕ್ ಹತ್ತಿ ಕೇಳಿದಳು.

“ಬರಾಕತ್ತ್ಯಾಳ,” ಎಂದ ಕಾಕಾ. ಬೈಕ್ ತಿರುಗಿಸಿದ.

ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿದ್ದಿತ್ತು. ಕಟ್ಟೆಯ ಮೇಲೆ ಕರಿಬಸಯ್ಯಜ್ಜ ಕೂತಿದ್ದರು. ಅವರು ಊರಿನ ಅಯ್ಯನವರು. ಮನೆಯಲ್ಲಿ ಲಗ್ನವಾದರೂ, ಕೂಸನ್ನು ತೊಟ್ಟಿಲಿಗೆ ಹಾಕಿದರೂ ಮೊದಲು ಬರುವವರು. ಅವರ ಮುಂದೆ ತಟ್ಟೆಯಲ್ಲಿ ವಿಭೂತಿ ಗಟ್ಟಿಗಳಿದ್ದವು. ಬಿಲ್ವಪತ್ರೆ ಇತ್ತು. ಅಷ್ಟೊಂದು ವಿಭೂತಿಯನ್ನು ಶೈಲಜಾ ಒಂದೇ ಕಡೆ ಯಾವಾಗಲೂ ನೋಡಿರಲಿಲ್ಲ.

ಯಾರೂ ಅವಳಿಗೆ ಏನೂ ಹೇಳಲಿಲ್ಲ. ಅವ್ವ ಬಂದು ತಬ್ಬಿಕೊಂಡಳು. ಸ್ವಲ್ಪ ಹೊತ್ತಿಗೆ ಲಿಂಗಸುಗೂರಿನ ದಾರಿಯಿಂದ ಬಿಳಿ ಗಾಡಿಯೊಂದು ಓಣಿಗೆ ತಿರುಗಿತು.

“ಸತ್ತಳು ಅನಬ್ಯಾಡ್ರಿ,” ಎಂದರು ಕರಿಬಸಯ್ಯಜ್ಜ, ಅಳುವ ಹೆಂಗಸರ ಕಡೆ ತಿರುಗಿ. “ಶಿವನ ಪಾದ ಸೇರಿದಳು ಅನ್ರಿ.”

ಅಂದು ಸಂಜೆ ಸಿಂಧನೂರು ರಸ್ತೆಯ ಪಕ್ಕದ ಸ್ವಂತ ಹೊಲದಲ್ಲಿ ಅಜ್ಜಿಯನ್ನು ಕೂರಿಸಿ ಮಣ್ಣು ಮಾಡಿದರು.

*

ಬಸವಣ್ಣೆಮ್ಮಜ್ಜಿ ಎಂದರೆ ಓಣಿಯ ಹುಡುಗಿಯರಿಗೆಲ್ಲ ಅಗಸೆ ಲೋಳೆಯ ಅಜ್ಜಿ. ಅಗಸೆ ಬೀಜವನ್ನು ನೀರಿನಲ್ಲಿ ಕುದಿಸಿ ಸೋಸಿ ಅವಳು ಒಂದು ಲೋಳೆ ಮಾಡುತ್ತಿದ್ದಳು. ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಹಳೆಯ ಉಪ್ಪಿನಕಾಯಿ ಬಾಟಲಿಗೆ ತುಂಬುತ್ತಿದ್ದಳು. ಅದನ್ನು ಹಚ್ಚಿ ಬಾಚಿದರೆ ಎಂಥ ಹಟಮಾರಿ ಕೂದಲೂ ಹೇಳಿದ ಕಡೆ ಕೂರುತ್ತಿತ್ತು. ಅಜ್ಜಿ ಅದಕ್ಕೆ ಲೋಳಿ ಎನ್ನುತ್ತಿದ್ದಳು. ಮಕ್ಕಳು ಜೆಲ್ ಎನ್ನುತ್ತಿದ್ದರು.

ಕೊನೆಯ ಬಾಟಲಿಯನ್ನು ಅಜ್ಜಿ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಮಾಡಿದ್ದಳು. ಅಂಜುಮ್‌ಗೆ ತೋರಿಸಿ, “ಕೋಲಾಟಕ್ಕ ನಿನ್ನ ತಲಿ ನಾನ ಕಟ್ತೀನಿ,” ಎಂದಿದ್ದಳು. ಬಾಟಲಿ ಈಗಲೂ ನೀರಿನ ಮಡಕೆಯ ಕೆಳಗಿನ ಒದ್ದೆ ಮರಳಿನಲ್ಲಿ ಕೂತಿತ್ತು.

ಐದನೆಯ ದಿನದ ಪೂಜೆ ಮುಗಿದ ಮೇಲೆ, ಊರಿಂದ ಬಂದಿದ್ದ ಸೋದರತ್ತೆ ಮನೆಯನ್ನು ಸ್ವಚ್ಛ ಮಾಡತೊಡಗಿದಳು. ಅಜ್ಜಿಯ ಸೀರೆಗಳನ್ನು ಗಂಟು ಕಟ್ಟಿ ಬೇಕಾದವರಿಗೆ ಕೊಟ್ಟಳು. ಮಡಕೆ ಎತ್ತಿದಾಗ ಬಾಟಲಿ ಸಿಕ್ಕಿತು.

“ಇದೇನಿದು, ಅಂಟಂಟ. ಚೆಲ್ಲಿಬಿಡ್ತೀನಿ.”

ಶೈಲಜಾ ಓಡಿ ಬಂದು ಬಾಟಲಿ ಕಸಿದುಕೊಂಡಳು. “ಅದು ನಂದು.”

ಅಜ್ಜಿ ಬಡಿದ ರೊಟ್ಟಿ ಅಂದೇ ಮುಗಿದಿದ್ದವು. ಅವಳು ಕುಟ್ಟಿಟ್ಟ ಶೇಂಗಾ ಹಿಂಡಿ ಬಂದ ಜನರಿಗೆ ಬಡಿಸಿ ಖಾಲಿಯಾಗಿತ್ತು. ಅಜ್ಜಿ ತನ್ನ ಕೈಯಾರೆ ಮಾಡಿದ್ದು ಉಳಿದಿದ್ದರೆ ಇದೊಂದೇ ಉಳಿದಿತ್ತು. ಶೈಲಜಾ ಬಾಟಲಿಯನ್ನು ತನ್ನ ಹಳೆಯ ಫ್ರಾಕಿನಲ್ಲಿ ಸುತ್ತಿದಳು. ಬಟ್ಟೆಯ ಟ್ರಂಕಿನ ತಳದಲ್ಲಿ ಇಟ್ಟು ಬೀಗ ಹಾಕಿದಳು. ಅದನ್ನು ಯಾರಿಗೂ ಕೊಡುವುದಿಲ್ಲ, ತಾನೂ ಹಚ್ಚಿಕೊಳ್ಳುವುದಿಲ್ಲ ಎಂದುಕೊಂಡಳು.

ಸೋಮವಾರ ಶಾಲೆಗೆ ಹೊರಟಾಗ ಅತ್ತೆ ಬಾಗಿಲಲ್ಲಿ ನಿಂತು ಕೇಳಿದಳು: “ಅಜ್ಜಿ ಹೋಗಿ ವಾರ ಆಗಿಲ್ಲ. ಕೋಲಾಟ ಕುಣಿಯಾಕ ಕಳಸ್ತೀರೇನು?”

ಕಟ್ಟೆಯ ಮೇಲಿದ್ದ ಕರಿಬಸಯ್ಯಜ್ಜ ತಲೆ ಎತ್ತಿದರು. “ಹೋಗ್ಲಿ ಬಿಡವ್ವ. ನಮ್ಮೊಳಗ ಸೂತಕ ಎಲ್ಲಿಂದ ಬಂತು? ಆ ಕೋಲ ಕೊಡಿಸಿದಾಕಿ ಬಸವಣ್ಣೆಮ್ಮನ ಅಲ್ಲೇನು?”

*

ಗುರುವಾರ ಸಿಂಧನೂರಿನಲ್ಲಿ ಸ್ಪರ್ಧೆ. ಹೆಜ್ಜೆಗೆ ಇಷ್ಟು, ತಾಳಕ್ಕೆ ಇಷ್ಟು, ವೇಷಕ್ಕೆ ಇಷ್ಟು ಎಂದು ಮಾರ್ಕ್ಸು. ಎಂಟೂ ಹುಡುಗಿಯರು ಕೂದಲನ್ನು ಹಿಂದಕ್ಕೆ ಎಳೆದು ತುರುಬು ಕಟ್ಟಬೇಕು. ಉಳಿದವರಿಗೆ ಅದು ಕಷ್ಟವಲ್ಲ. ಅಂಜುಮ್‌ಳ ಗಿಡ್ಡ ಗುಂಗುರು ಕೂದಲಿಗೆ ಪಿನ್ನು, ಕ್ಲಿಪ್ಪು ಯಾವುದೂ ಸಾಲುತ್ತಿರಲಿಲ್ಲ.

ಹಿಂದಿನ ತಿಂಗಳು ಟೀಚರ್ ಅಂಗಡಿಯಿಂದ ಒಂದು ಟ್ಯೂಬ್ ಜೆಲ್ ತಂದಿದ್ದರು. ಹಚ್ಚಿದ ಅರ್ಧ ತಾಸಿಗೆ ಅಂಜುಮ್‌ಳ ಹಣೆ ಮತ್ತು ಕಿವಿಯ ಹಿಂದೆ ಕೆಂಪು ಗಂಧೆ ಎದ್ದಿದ್ದವು. ಎರಡು ದಿನ ಅವಳು ತುರಿಸಿಕೊಳ್ಳುತ್ತಲೇ ಇದ್ದಳು.

ಮಂಗಳವಾರ ಬಿಸಿಯೂಟದ ಸಾಲಿನಲ್ಲಿ ಅಂಜುಮ್ ಶೈಲಜಾಳ ಪಕ್ಕ ಬಂದು ನಿಂತಳು. ಬಹಳ ಹೊತ್ತು ತಟ್ಟೆಯನ್ನೇ ನೋಡುತ್ತಿದ್ದಳು.

“ಶೈಲೂ, ಒಂದ್ ಮಾತು. ಸಿಟ್ಟಾಗಬ್ಯಾಡ.”

“ಏನು?”

“ನಿಮ್ಮಜ್ಜಿ ನನಗ ಬಾಟ್ಲಿ ತೋರ್ಸಿದ್ಲು. ಅದರಾಗ ಜರಾ ಕೊಡ್ತೀಯೇನು? ಎರಡ ಚಮಚ ಸಾಕು.”

ಶೈಲಜಾ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದಳು. “ಅದು ಖಾಲಿ ಆತು,” ಎಂದಳು.

“ಯಾವಾಗ?”

“ಆತು. ಅತ್ತಿ ಚೆಲ್ಲಿದ್ಲು.”

ಅಂಜುಮ್ ಅವಳ ಮುಖವನ್ನೇ ನೋಡಿದಳು. ಒಂದನೇ ಕ್ಲಾಸಿನಿಂದ ಇಬ್ಬರೂ ಒಂದೇ ಬೆಂಚು. ಶೈಲಜಾ ಸುಳ್ಳು ಹೇಳುವಾಗ ಎಡಗಡೆಯ ಜಡೆ ಹಿಡಿದುಕೊಳ್ಳುತ್ತಾಳೆ ಎಂಬುದು ಅಂಜುಮ್‌ಗೆ ಗೊತ್ತಿತ್ತು. ಈಗಲೂ ಹಿಡಿದುಕೊಂಡಿದ್ದಳು.

“ಹೌದಾ,” ಎಂದಳು ಅಂಜುಮ್. ತಟ್ಟೆ ತೆಗೆದುಕೊಂಡು ಹೋಗಿ ಬೇರೆ ಸಾಲಿನಲ್ಲಿ ಕೂತಳು.

ಬುಧವಾರ ಮಧ್ಯಾಹ್ನ ಕೊನೆಯ ಪ್ರಾಕ್ಟೀಸ್. ಮೂರನೇ ಸುತ್ತಿನಲ್ಲಿ ಅಂಜುಮ್‌ಳ ಕೂದಲು ಬಿಚ್ಚಿ ಕೋಲು ಕೈಜಾರಿ ಬಿತ್ತು. ಟೀಚರ್ ಚಪ್ಪಾಳೆ ನಿಲ್ಲಿಸಿದರು.

“ಅಂಜುಮ್, ನೀ ಚೆಂದ ಕುಣೀತಿ, ನನಗ ಗೊತ್ತೈತಿ. ಆದ್ರ ನಾಳೆ ಸ್ಟೇಜ್ ಮ್ಯಾಲೆ ಹಿಂಗಾದ್ರ ಎಂಟೂ ಮಂದಿಗೆ ಪೆಟ್ಟು. ಆ ಟ್ಯೂಬ್ ನಾ ಮತ್ತ ಹಚ್ಚಂಗಿಲ್ಲ. ಮುಂಜಾನಿ ಎಂಟಕ್ಕ ಬಸ್‌ಸ್ಟ್ಯಾಂಡಿಗೆ ತುರುಬ ಕಟ್ಕೊಂಡು ಬಾ. ನಿಲ್ತು ಅಂದ್ರ ನೀನು. ಇಲ್ಲಂದ್ರ ಯಮನೂರಮ್ಮ.”

ಏಳನೇ ಕ್ಲಾಸಿನ ಯಮನೂರಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅವಳಿಗೆ ಎಲ್ಲ ಹೆಜ್ಜೆಗಳೂ ಬರುತ್ತಿದ್ದವು.

ಅಂಜುಮ್ ಅಳಲಿಲ್ಲ. ಬಿದ್ದ ಕೋಲನ್ನು ಎತ್ತಿ ಲಂಗಕ್ಕೆ ಒರೆಸಿದಳು. ಶೈಲಜಾಳ ಕಡೆ ಒಮ್ಮೆಯೂ ನೋಡಲಿಲ್ಲ.

*

ಶೈಲಜಾ ಮನೆಗೆ ಓಡುತ್ತಲೇ ಬಂದಳು. ಅವ್ವ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎಂಟು ದಿನದಿಂದ ಅವ್ವ ಬೇಕಾದಷ್ಟಕ್ಕೆ ಮಾತ್ರ ಮಾತನಾಡುತ್ತಿದ್ದಳು.

ಶೈಲಜಾ ಸದ್ದಾಗದಂತೆ ಟ್ರಂಕಿನ ಬೀಗ ತೆಗೆದಳು. ಎರಡು ಚಮಚ ಕೊಟ್ಟರೆ ಬಾಟಲಿ ಖಾಲಿಯಾಗುವುದಿಲ್ಲ. ಅಷ್ಟಕ್ಕೆ ಅಂಜುಮ್ ಮಾತಾಡುತ್ತಾಳೆ. ಹೀಗೆಲ್ಲ ಯೋಚಿಸುತ್ತಾ ಫ್ರಾಕ್ ಬಿಚ್ಚಿದಳು.

ಫ್ರಾಕ್ ಒದ್ದೆಯಾಗಿತ್ತು. ಮುಚ್ಚಳ ತಿರುಗಿಸಿದ ಕೂಡಲೇ ಹುಳಿ ನಾತ ಮುಖಕ್ಕೆ ಹೊಡೆಯಿತು. ಗಾಜಿನಷ್ಟು ತಿಳಿಯಾಗಿದ್ದ ಲೋಳೆ ನೀರಾಗಿ ಕದಡಿತ್ತು. ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು. ಒಂದು ಬದಿಯಲ್ಲಿ ಬೂದು ಬಣ್ಣದ ಬೂಷ್ಟು ಅಂಟಿತ್ತು.

ಅವಳು ಮುಚ್ಚಳ ಮುಚ್ಚಿ ಅಲ್ಲೇ ಕೂತಳು. ಕೊಡದೆ ಇಟ್ಟುಕೊಂಡದ್ದು ತನಗೂ ಉಳಿಯಲಿಲ್ಲ, ಅಂಜುಮ್‌ಗೂ ಸಿಗಲಿಲ್ಲ. ಗಡಿಯಾರದಲ್ಲಿ ನಾಲ್ಕು ಗಂಟೆ.

ಮಾಡಬೇಕು. ಹಾಗಂದುಕೊಂಡು ಎದ್ದಳು. ಅಜ್ಜಿ ಮಾಡುವುದನ್ನು ನೂರು ಸಲ ನೋಡಿದ್ದಳು. ನೋಡಿದ್ದಳು ಅಂದರೆ, ಅಡುಗೆಮನೆಯ ಬಾಗಿಲಲ್ಲಿ ಕೂತು ಹೋಮ್‌ವರ್ಕ್ ಬರೆಯುತ್ತಿದ್ದಳು.

ಅಗಸೆಯ ಡಬ್ಬಿ ಮೇಲಿನ ಸಾಲಿನಲ್ಲಿತ್ತು. ಒಂದು ಬಟ್ಟಲು ಬೀಜ, ಪಾತ್ರೆ ತುಂಬ ನೀರು. ಗ್ಯಾಸ್ ಹಚ್ಚಿ ಚಮಚದಿಂದ ತಿರುವಿದಳು. ನೀರು ಕುದಿಯಿತು. ಮತ್ತೂ ಕುದಿಯಿತು. ಕಂದು ಬಣ್ಣಕ್ಕೆ ತಿರುಗಿತೇ ಹೊರತು ಗಟ್ಟಿಯಾಗಲಿಲ್ಲ. ಮನೆಯೆಲ್ಲ ಚಟ್ನಿಯ ವಾಸನೆ ಹಬ್ಬಿತು.

“ಏನ್ ಮಾಡಾಕತ್ತೀ?”

ಬಾಗಿಲಲ್ಲಿ ಅವ್ವ ನಿಂತಿದ್ದಳು. ಕೂದಲು ಕೆದರಿತ್ತು. ಶೈಲಜಾಳ ಕೈಯಿಂದ ಚಮಚ ಜಾರಿತು.

“ಜೆಲ್,” ಎಂದಳು. ಆಮೇಲೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಬಾಟಲಿ ಬಚ್ಚಿಟ್ಟದ್ದು, ಸುಳ್ಳು ಹೇಳಿದ್ದು, ಅದು ಕೊಳೆತದ್ದು, ಬೆಳಗಿನ ಎಂಟು ಗಂಟೆ.

ಅವ್ವ ಬೈಯಲಿಲ್ಲ. ಪಾತ್ರೆಗೆ ಬಗ್ಗಿ ನೋಡಿದಳು. “ಈ ಅಗಸಿ ಹುರದದ್ದವ್ವ. ಹಿಂಡಿ ಕುಟ್ಟಾಕಂತ ಹುರದಿಟ್ಟಿದ್ವಿ. ಇದು ಲೋಳಿ ಬಿಡಂಗಿಲ್ಲ.”

“ಹಸೀದು ಎಲ್ಲೈತಿ? ನೀರ ಎಷ್ಟ ಹಾಕಬೇಕು?”

ಅವ್ವ ಗ್ಯಾಸ್ ಆರಿಸಿದಳು. “ನನಗ ಗೊತ್ತಿಲ್ಲ. ಈ ಒಂದು ಕೆಲಸಕ್ಕ ಅಕಿ ನನಗ ಒಲಿ ಬಿಟ್ಟುಕೊಟ್ಟಾಕಿ ಅಲ್ಲ. ಶಂಶಾದ್‌ಬೀನ್ನ ಕೇಳು. ಅಗಸಿ ಅವರ ಹೊಲದ್ದು. ಮದ್ಲ ಇಬ್ರೂ ಕೂಡೆ ಮಾಡ್ತಿದ್ರು.”

ಶಂಶಾದ್‌ಬೀ ಅಂಜುಮ್‌ಳ ಅಜ್ಜಿ.

“ಅವ್ವಾ, ನೀ ಹೋಗ್ತೀಯೇನು?”

“ಸುಳ್ಳ ಹೇಳಿದಾಕಿ ನಾನೇನು?” ಎಂದಳು ಅವ್ವ.

*

ಶಂಶಾದ್‌ಬೀ ಬಾಗಿಲಲ್ಲಿ ಕಾಲು ಚಾಚಿ ಕೌದಿ ಹೊಲಿಯುತ್ತಿದ್ದಳು. ಪಕ್ಕದಲ್ಲಿ ಅಂಜುಮ್ ಸೂಜಿಗೆ ದಾರ ಪೋಣಿಸುತ್ತಿದ್ದಳು. ಶೈಲಜಾಳನ್ನು ಕಂಡ ಕೂಡಲೇ ಸೂಜಿಯನ್ನು ಕೌದಿಗೆ ಚುಚ್ಚಿ ಎದ್ದು ಒಳಗೆ ಹೋದಳು.

“ಬಾ ಬೇಟಿ,” ಎಂದಳು ಶಂಶಾದ್‌ಬೀ. “ನಿಮ್ಮವ್ವ ಊಟ ಮಾಡಾಕತ್ತ್ಯಾಳ ಇಲ್ಲ?”

“ಮಾಡಾಕತ್ತ್ಯಾಳ್ರೀ.” ಶೈಲಜಾ ಕೌದಿಯ ಅಂಚನ್ನು ನೋಡುತ್ತಾ ನಿಂತಳು. ಒಳಗಿದ್ದವಳಿಗೆ ಕೇಳಿಸಲೆಂದು ಗಟ್ಟಿಯಾಗಿ ಹೇಳಿದಳು: “ಆಯಿ, ಬಾಟ್ಲಿ ಇತ್ತು. ಅಂಜುಮ್ ಕೇಳಿದಾಗ ಇಲ್ಲ ಅಂತ ಸುಳ್ಳ ಹೇಳಿದೆ. ಇವತ್ತ ತಗದ್ರ ಕೊಳತಿತ್ತು.”

ಒಳಗೆ ಪಾತ್ರೆಯ ಸದ್ದು ನಿಂತಿತು.

“ಮಾಡಿ ಎಷ್ಟ ದಿನ ಆಗಿತ್ತು?” ಎಂದು ಕೇಳಿದಳು ಶಂಶಾದ್‌ಬೀ.

“ಹನ್ನೊಂದು ದಿನ.”

“ಯಾ ಅಲ್ಲಾ. ಅದೇನ್ ಉಪ್ಪಿನಕಾಯೇನು, ವರ್ಷಗಟ್ಲೆ ಇಡಾಕ? ಮರಳಾಗಿಟ್ರೂ ಒಂದ್ ವಾರ. ಬಸವಣ್ಣೆಮ್ಮಕ್ಕ ಪ್ರತಿ ಐತವಾರ ಉಳಿದದ್ದನ್ನ ದಾಸವಾಳದ ಬುಡಕ್ಕ ಹಾಕಿ ಹೊಸಾದು ಮಾಡ್ತಿದ್ಲು. ನಿನಗ ಮಾಲೂಮ್ ಇದ್ದಿದ್ದಿಲ್ಲೇನು?”

ಶೈಲಜಾ ತಲೆ ಅಲ್ಲಾಡಿಸಿದಳು. ಬಾಟಲಿ ಯಾವಾಗಲೂ ತುಂಬಿರುತ್ತಿತ್ತು. ಅದು ಕೆಡದೆ ಉಳಿದ ಅದೇ ಲೋಳೆ ಎಂದು ಅವಳು ತಿಳಿದಿದ್ದಳು.

ಅಂಜುಮ್ ಬಾಗಿಲಿಗೆ ಬಂದಳು. “ಯಾಕ ಇಲ್ಲ ಅಂದಿ?”

“ಖಾಲಿ ಆದ್ರ... ಅಜ್ಜಿ ಮಾಡಿದ್ದು ಬ್ಯಾರೆ ಏನೂ ಇದ್ದಿದ್ದಿಲ್ಲ.”

ಅಂಜುಮ್ ಕಾಲಿನ ಹೆಬ್ಬೆರಳಿನಿಂದ ನೆಲ ಗೀರಿದಳು. “ಹಂಗಂತ ಮದ್ಲ ಹೇಳಬಾರದೇನಲೇ. ನಾ ಕೇಳ್ತಿದ್ದಿಲ್ಲ.”

ಶಂಶಾದ್‌ಬೀ ಎದ್ದು ಹೋಗಿ ಒಂದು ಕಾಗದದ ಪೊಟ್ಟಣದಲ್ಲಿ ಹಸಿ ಅಗಸೆ ತಂದಳು. ಎರಡು ಬಟ್ಟಲಿನಷ್ಟಿತ್ತು. “ಮನ್ಯಾಗ ಉಳಿದದ್ದು ಇಷ್ಟ. ಒಂದ ಬಟ್ಲ ಬೀಜಕ್ಕ ಆರು ಬಟ್ಲ ನೀರು. ಸಣ್ಣ ಉರಿ. ಕೈ ಬಿಡದಂಗ ತಿರುವು. ತತ್ತಿ ಬಿಳಿ ಲೋಳಿಯಂಗ ಆಗೂತ್ಲೆ ಇಳಸು. ಬಿಸಿ ಇದ್ದಾಗನ ಬಟ್ಯಾಗ ಹಾಕಿ ಹಿಂಡು. ಆರಾಕ ಬಿಟ್ಟಿ ಅಂದ್ರ ಕೆಟ್ಟಿ.”

ಶೈಲಜಾ ಎಲ್ಲವನ್ನೂ ಬೆರಳು ಮಡಿಚಿ ನೆನಪಿಟ್ಟುಕೊಂಡಳು. ನಾಲ್ಕನೇ ಬೆರಳಿಗೆ, ಮೊಟ್ಟೆಯ ಮಾತಿಗೆ, ಬಂದು ನಿಂತಳು. “ಆಯಿ, ತತ್ತಿ ಗಟ್ಟಿ ಇರತೈತಲ್ಲ? ಅಷ್ಟು ಗಟ್ಟಿ ಆಗೂತನಕ ಕುದಿಸಬೇಕೇನು?”

“ಗಟ್ಟಿ?”

“ಬಿಸಿಯೂಟದಾಗ ಕೊಡೂ ತತ್ತಿ ನೋಡೀನಿ. ಚಂಡಿನಂಗ ಇರತೈತಿ.”

ಶಂಶಾದ್‌ಬೀ ಒಂದು ಕ್ಷಣ ಅವಳನ್ನೇ ನೋಡಿದಳು. ಅಂಜುಮ್ ಬಾಯಿಗೆ ಕೈ ಅಡ್ಡ ಹಿಡಿದಳು. ಎರಡು ದಿನದಲ್ಲಿ ಅವಳಿಗೆ ಬಂದ ಮೊದಲ ನಗು ಅದು.

“ದಾದೀ, ಇವರ ಮನ್ಯಾಗ ತತ್ತಿ ಒಡಿಯಂಗಿಲ್ಲ. ಇಕಿ ಬಿಸಿಯೂಟದಾಗ ತತ್ತಿ ಬದ್ಲಿ ಬಾಳೆಹಣ್ಣು ತಗೊಳೂ ಪಾರ್ಟಿ. ಹಸಿ ತತ್ತಿ ಇಕಿ ಎಲ್ಲಿ ನೋಡ್ಯಾಳ?” ಎಂದು ಚಪ್ಪಲಿ ಹಾಕಿಕೊಂಡಳು. “ನಡಿ, ನಾನ ಬಂದು ನೋಡಿ ಹೇಳ್ತೀನಿ. ಇಲ್ಲಂದ್ರ ಮುಂಜಾನಿತನಕ ಕುದಸ್ತೀ ನೀ.”

*

ಒಂದು ಬಟ್ಟಲು ಬೀಜ, ಆರು ಬಟ್ಟಲು ನೀರು. ಶೈಲಜಾ ತಿರುವಿದಳು. ಅಂಜುಮ್ ಚಮಚದಿಂದ ಎತ್ತಿ ಎತ್ತಿ ನೋಡಿದಳು. ನೀರು ಮೊದಲು ಹನಿಹನಿಯಾಗಿ ಬಿತ್ತು. ಆಮೇಲೆ ಎಳೆ ಎಳೆಯಾಗಿ ಬಿತ್ತು.

“ಇಳಸು,” ಎಂದಳು ಅಂಜುಮ್.

ಸರಿಯಾಗಿ ಆಗಲೇ ಹೊರಗೆ ಆಟೋ ನಿಂತ ಸದ್ದಾಯಿತು. ದುಃಖದ ಮನೆಯವರನ್ನು ಮಾತಾಡಿಸಲು ಬಂದವರು, ಲಿಂಗಸುಗೂರು ಕಡೆಯ ಬೀಗರು, ಮೂರು ಜನ ಹೆಂಗಸರು. ಬಾಗಿಲಲ್ಲೇ ಅಳು ಶುರುವಾಯಿತು. ಅವ್ವ ಹೊರಗೆ ಹೋದಳು.

“ಶೈಲೂ, ನೀರ ತಗೊಂಬಾ,” ಎಂದು ಅಪ್ಪ ಕೂಗಿದ.

ಅವಳು ನೀರು ಕೊಟ್ಟಳು. ಒಬ್ಬಾಕೆ ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು ಅತ್ತಳು. ಇನ್ನೊಬ್ಬಾಕೆ ಅಜ್ಜಿಯ ಹಳೆಯ ಮಾತುಗಳನ್ನು ತೆಗೆದಳು. ಎದ್ದು ಬರುವುದು ಹೇಗೆ? ಶೈಲಜಾಳ ಕಣ್ಣು ಅಡುಗೆಮನೆಯ ಬಾಗಿಲ ಮೇಲಿತ್ತು. ಅಲ್ಲಿಂದ ಅಂಜುಮ್ ಇಣುಕುತ್ತಿದ್ದಳು. ಒಂದು ಸಲ, ಎರಡು ಸಲ, ಮೂರು ಸಲ.

ಕೊನೆಗೆ ಬಿಡಿಸಿಕೊಂಡು ಬಂದಾಗ ಪಾತ್ರೆ ತಣ್ಣಗಾಗಿತ್ತು. ಹಳೆಯ ಧೋತರದ ತುಂಡಿನಲ್ಲಿ ಹಾಕಿ ಹಿಂಡಿದರು. ಒಂದು ಹನಿಯೂ ಬರಲಿಲ್ಲ. ಬೀಜವೂ ಲೋಳೆಯೂ ಕೂಡಿ ಒಂದೇ ಮುದ್ದೆಯಾಗಿದ್ದವು. ಶೈಲಜಾ ಹಲ್ಲು ಕಚ್ಚಿ ತಿರುಚಿದಳು. ಬಟ್ಟೆ ಪಿಸಕ್ಕೆಂದು ಹರಿದು ಬೀಜಗಳು ಗೋಡೆಗೆ ಸಿಡಿದವು.

ಅಂಜುಮ್‌ಳ ಮೂಗಿನ ಮೇಲೆ ನಾಲ್ಕು ಬೀಜ ಅಂಟಿದ್ದವು. ಈಗ ಇಬ್ಬರಿಗೂ ನಗು ಬರಲಿಲ್ಲ.

“ಇನ್ನೊಂದ ಬಟ್ಲ ಐತಿ,” ಎಂದಳು ಅಂಜುಮ್. “ಅದೂ ಹೋದ್ರ?”

“ಯಮನೂರಮ್ಮ,” ಎಂದಳು ಶೈಲಜಾ.

ಮತ್ತೆ ನೀರಿಟ್ಟರು. ಕಿಟಕಿಯ ಬೆಳಕು ಹಳದಿಯಾಗುತ್ತಿತ್ತು. ಈ ಸಲ ಎಳೆ ಬೀಳತೊಡಗಿದ ಕೂಡಲೇ ಶೈಲಜಾ ಹೊಸ ಬಟ್ಟೆಯನ್ನು ಹಾಸಿ ಪಾತ್ರೆ ಬಗ್ಗಿಸಿದಳು. ಗಂಟನ್ನು ಹಿಡಿದಳು. ಕೈ ತಟ್ಟನೆ ಹಿಂದೆ ಬಂತು. ಕುದಿಯುವ ಲೋಳೆ, ನೀರಿನಂತೆ ಜಾರಿ ಹೋಗದೆ ಬೆರಳಿಗೆ ಅಂಟಿ ಸುಡುತ್ತಿತ್ತು.

“ಆರಲಿ ತಡಿ,” ಎಂದಳು ಅಂಜುಮ್.

“ಆರಬಾರದು.” ಶೈಲಜಾ ಬಾಗಿಲಿಗೆ ಹೋದಳು. “ಅವ್ವಾ.”

ಪಡಸಾಲೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು.

“ಏನಂತವ್ವ ಹುಡುಗಿದು?” ಎಂದು ಕೇಳಿದಳು ಹಿರಿಯಾಕೆ.

“ತಲಿಗೆ ಹಚ್ಚೂ ಲೋಳಿ. ನಾಳೆ ಕೋಲಾಟ ಐತಿ.”

“ದುಃಖದ ಮನ್ಯಾಗ ಇದೇನ್ ಸಿಂಗಾರವ್ವ?”

ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಇದು ನಮ್ಮತ್ತಿ ಒಪ್ಪಿಕೊಂಡ ಕೆಲಸರೀ,” ಎಂದಳು ಅವ್ವ. “ಒಂದು ಕೂಸಿನ ತಲಿ ಕಟ್ತೀನಿ ಅಂತ ಮಾತು ಕೊಟ್ಟಿದ್ಲು. ಕೂಡ್ರಿ, ಬಂದೆ.”

ಅವ್ವ ಬಟ್ಟೆಯ ಒಂದು ತುದಿ ಹಿಡಿದಳು. ಶೈಲಜಾ ಇನ್ನೊಂದು ತುದಿ ಹಿಡಿದಳು. ನಡುವೆ ಅಂಜುಮ್ ಬಟ್ಟಲು ಹಿಡಿದು ಕೂತಳು. ಅವ್ವ ಬಲಕ್ಕೆ ತಿರುವಿದಳು, ಶೈಲಜಾ ಎಡಕ್ಕೆ. ಲೋಳೆ ಬಟ್ಟೆಯಿಂದ ಒಸರಿ, ಒಂದು ಉದ್ದ ಎಳೆಯಾಗಿ ಬಟ್ಟಲಿಗೆ ಇಳಿಯಿತು.

“ಅವ್ವ, ಸುಡಾಕತ್ತೈತಿ.”

“ಬಿಡ್ತೀಯೇನು?”

“ಇಲ್ಲ.”

ಇನ್ನೊಂದು ಸುತ್ತು. ಇನ್ನೊಂದು. ತುದಿಗಳ ತನಕ ಬಿಸಿ ಹರಿದು ಬಂತು. ಶೈಲಜಾಳ ಕಣ್ಣಲ್ಲಿ ನೀರು ತುಂಬಿತು. ಬಟ್ಟಲು ಅರ್ಧವಾಯಿತು, ಮುಕ್ಕಾಲಾಯಿತು. ಒಳಗೆ ಬೀಜ ಮಾತ್ರ ಉಳಿದಾಗ ಅವ್ವ, “ಸಾಕು,” ಎಂದಳು.

ಅಂಜುಮ್ ಬೀಜದ ಗಂಟು ಎತ್ತಿದಳು. “ಇದನ್ನ ಚೆಲ್ಲಲೇನ್ರೀ?”

“ಬ್ಯಾಡ. ಎಮ್ಮಿ ಕಲಗಚ್ಚಿಗೆ ಹಾಕು. ಬಟ್ಟಿ ತೊಳದು ಒಣಹಾಕಿದ್ರ ಆತು.”

ಶೈಲಜಾಳ ಬೆರಳುಗಳು ಕೆಂಪಗಾಗಿದ್ದವು. ಅವ್ವ ಅವಳ ಎರಡೂ ಕೈಗಳನ್ನು ಹಿಡಿದು ಮಡಕೆಯ ನೀರು ಹಾಕಿದಳು.

“ಅಜ್ಜಿ ಜೋಡಿ ಇನ್ನೊಂದ್ ಕಡೆ ಯಾರು ಹಿಡೀತಿದ್ರು?” ಎಂದು ಶೈಲಜಾ ಕೇಳಿದಳು.

“ಶಂಶಾದ್‌ಬೀ ಬರೂದು ಬಿಟ್ಟ ಮ್ಯಾಲೆ ಯಾರೂ ಇಲ್ಲ. ಒಂದ್ ತುದಿ ಕಿಟಕಿ ಸರಳಿಗೆ ಕಟ್ಟಿ, ಒಬ್ಬಾಕೀನ ಹಿಂಡ್ತಿದ್ಲು. ನಾ ಬರ್ತೀನಿ ಅಂದ್ರ, ನೀ ರೊಟ್ಟಿ ಬಡಿ ಹೋಗು ಅಂತಿದ್ಲು. ಆಮ್ಯಾಲೆ ಕೈಗೆ ಬೆಣ್ಣಿ ಹಚ್ಚಾಕಿ ನಾನು.” ಅವ್ವ ಇನ್ನೊಂದು ತಂಬಿಗೆ ನೀರು ಹಾಕಿದಳು. “ಕೈ ಸುಡತೈತಿ ಅಂತ ನಿನಗ ಹೇಳಬ್ಯಾಡ ಅಂದಿದ್ಲು. ಗೊತ್ತಾದ್ರ ಹಚ್ಚಿಸ್ಕೊಳಾಕಿ ಅಲ್ಲ ನೀನು ಅಂತ.”

ಶೈಲಜಾ ತನ್ನ ಕೆಂಪು ಬೆರಳುಗಳನ್ನು ನೋಡಿಕೊಂಡಳು. ಪ್ರತಿ ವಾರ. ಎಷ್ಟು ವರ್ಷ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟಳು.

*

ಬೆಳಗ್ಗೆ ಏಳಕ್ಕೆ ಅಂಜುಮ್ ಕಟ್ಟೆಯ ಮೇಲೆ ಕೂತಿದ್ದಳು. ಶೈಲಜಾ ಅವಳ ಕೂದಲಿಗೆ ನೀರು ಚಿಮುಕಿಸಿದಳು. ಅಂಗೈಯಲ್ಲಿ ಲೋಳೆ ತೆಗೆದುಕೊಂಡು ಹಣೆಯಿಂದ ಹಿಂದಕ್ಕೆ ಸವರಿದಳು. ಬಾಚಿದಳು. ಮತ್ತೆ ಸವರಿದಳು. ಗುಂಗುರುಗಳು ಒಂದೊಂದಾಗಿ ಮಲಗಿದವು.

“ತುರಸಾಕತ್ತೈತೇನು?”

“ಇಲ್ಲ. ತಂಪ ಐತಿ,” ಎಂದಳು ಅಂಜುಮ್.

ಬಸ್‌ಸ್ಟ್ಯಾಂಡಿನಲ್ಲಿ ಮಹೇಶ್ವರಿ ಟೀಚರ್ ವಾಚು ನೋಡುತ್ತ ನಿಂತಿದ್ದರು. ಯಮನೂರಮ್ಮ ಲಂಗದ ಚೀಲ ಹಿಡಿದು ಪಕ್ಕದಲ್ಲಿದ್ದಳು. ಟೀಚರ್ ಅಂಜುಮ್‌ಳ ಸುತ್ತ ಒಮ್ಮೆ ಬಂದರು.

“ತಿರುಗು ನೋಡೂಣು. ಎಂಟು ಸಲ.”

ಅಂಜುಮ್ ತಿರುಗಿದಳು. ಶೈಲಜಾ ಮನಸ್ಸಿನಲ್ಲೇ ಎಣಿಸಿದಳು. ಐದು, ಆರು, ಏಳು, ಎಂಟು. ತಲೆ ಅಲ್ಲಾಡಿತು, ತುರುಬು ಅಲ್ಲಾಡಲಿಲ್ಲ. ಟೀಚರ್ ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದರು.

“ಯಾರ ಕಟ್ಟಿದ್ದು?”

“ಶೈಲಜಾ ರೀ.”

ಟೀಚರ್ ಶೈಲಜಾಳ ಕಡೆ ನೋಡಿದರು. “ಹತ್ತ್ರಿ, ಬಸ್ ಬಂತು,” ಎಂದರು. “ಯಮನೂರಮ್ಮ, ನೀನೂ ನಡಿ. ಕೋಲ ಹಿಡಕೊಳಾಕ ಒಬ್ರ ಬೇಕು.”

“ಅಂತೂ ನನಗ ಕುಣಿಯೂದು ತಪ್ತು,” ಎಂದು ಯಮನೂರಮ್ಮ ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿಯ ಸೀಟು ಹಿಡಿದಳು.

ಬಸ್ಸು ಮಸ್ಕಿ ದಾಟಿ ಸಿಂಧನೂರು ರಸ್ತೆಗೆ ಬಿತ್ತು. ಹುಡುಗಿಯರು ಹಾಡು ಶುರು ಮಾಡಿದರು. ಶೈಲಜಾಳ ಬೆರಳುಗಳು ಇನ್ನೂ ಚುರುಗುಟ್ಟುತ್ತಿದ್ದವು. ಅವಳು ಅವುಗಳ ಮೇಲೆ ಮೆಲ್ಲಗೆ ಊದಿಕೊಂಡಳು. ಅಂಜುಮ್ ಅದನ್ನು ನೋಡಿ, ತನ್ನ ತಣ್ಣನೆಯ ನೀರಿನ ಬಾಟಲಿಯನ್ನು ಅವಳ ಕೈಗಳ ನಡುವೆ ಇಟ್ಟಳು.

ಸ್ವಲ್ಪ ದೂರದಲ್ಲಿ ಅವರ ಹೊಲ ಬಂತು. ಬದುವಿನ ಬಳಿ ಹೊಸ ಮಣ್ಣು ಇನ್ನೂ ಕಪ್ಪಗಿತ್ತು. ಮೇಲೆ ಯಾರೋ ಬಿಲ್ವಪತ್ರೆ ಇಟ್ಟು ಹೋಗಿದ್ದರು. ಬಸ್ಸು ನಿಲ್ಲಲಿಲ್ಲ. ಶೈಲಜಾ ಹಣೆಯ ವಿಭೂತಿ ಮುಟ್ಟಿ ಕಣ್ಣು ಮುಚ್ಚಿದಳು.

“ಶಿವನೇ,” ಎಂದಳು, ತನಗಷ್ಟೇ ಕೇಳುವಂತೆ. “ನಮ್ಮಜ್ಜಿ ನಿನ್ನ ಹತ್ರ ಬಂದಾಳ. ಅಕಿಗೆ ಸುಮ್ನ ಕೂಡ್ರಾಕ ಬರಂಗಿಲ್ಲ, ಏನಾರ ಕೆಲಸ ಹುಡುಕ್ತಾಳ. ನೀನ ಹೇಳಿ ಕೂಡ್ರಿಸು. ಅಕಿ ಜೀವಕ್ಕ ಶಾಂತಿ ಕೊಡು. ಅಕಿ ಕೈಗಳಿಗೆ ತಂಪು ಕೊಡು.”